ಮಾರಾಟವಾಗದೆ ನಿಂತ ಮನೆ: ದಾವಣಗೆರೆಯ ಮಾಲೀಕರು ಮಾಡಬೇಕಾದ ಕೆಲಸಗಳು

ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ತೂಗುಹಾಕಿ, ಅದರ ಬಣ್ಣ ಮಾಸುವವರೆಗೂ ಕಾದು ಕುಳಿತ ಒಂದಾದರೂ ಕುಟುಂಬ ಸಿಗುತ್ತದೆ. ಸಾಲ ತೀರಿಸಬೇಕು, ಮಗಳ ಮದುವೆ ಮಾಡಬೇಕು, ಬೆಂಗಳೂರಿನಲ್ಲಿರುವ ಮಕ್ಕಳ ಹತ್ತಿರ ಹೋಗಬೇಕು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕು. ಮಾರಲು ಕಾರಣ ಯಾವುದೇ ಇರಲಿ, ಮನೆ ನಿಂತಿತೆಂದರೆ ಅದರ ಹಿಂದಿನ ಕೆಲಸಗಳೆಲ್ಲ ನಿಲ್ಲುತ್ತವೆ. ಆ ಹೊತ್ತಿಗೆ ಸಿಗುವ ಸಲಹೆಗಳು ಮೂರೇ: ಬಣ್ಣ ಹೊಡೆಸಿ, ವಾಸ್ತು ತೋರಿಸಿ, ಬೆಲೆ ಇಳಿಸಿ. ಈ ಮೂರನ್ನೂ ಮಾಡಿ ದುಡ್ಡು ಕಳೆದುಕೊಂಡ ಮೇಲೂ ಮನೆ ಹಾಗೇ ಉಳಿದದ್ದುಂಟು. ಏಕೆಂದರೆ ಕೊಳ್ಳಲು ಬಂದವರು ಯಾವ ಹಂತದಲ್ಲಿ ಹಿಂದೆ ಸರಿದರು ಎಂಬುದನ್ನು ಯಾರೂ ಕೇಳಿರುವುದಿಲ್ಲ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಮೊದಲು: ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಈವರೆಗೆ ಫೋನ್ ಮಾಡಿದವರು, ಬಂದು ನೋಡಿದವರು, ಎರಡನೇ ಸಲ ಬಂದವರು, ಬೆಲೆ ಮಾತಾಡಿದವರು, ಕಾಗದಪತ್ರದ ನಕಲು ಒಯ್ದವರು ಇವರನ್ನೆಲ್ಲ ನೆನಪಿದ್ದಷ್ಟು ಬರೆಯಿರಿ. ಬರೆದು ಮುಗಿಸಿದಾಗ ಚಿತ್ರ ತಾನಾಗಿಯೇ ಕಾಣುತ್ತದೆ.

ಫೋನೇ ಬರುತ್ತಿಲ್ಲವಾದರೆ ಸುದ್ದಿ ಸರಿಯಾದವರಿಗೆ ತಲುಪಿಲ್ಲ, ಇಲ್ಲವೇ ನೀವು ಹೇಳುತ್ತಿರುವ ಬೆಲೆ ಕೇಳಿಯೇ ಜನ ಸುಮ್ಮನಾಗುತ್ತಿದ್ದಾರೆ. ನೋಡಲು ಬರುತ್ತಾರೆ, ಮತ್ತೆ ಬರುವುದಿಲ್ಲ ಎಂದಾದರೆ ತೊಂದರೆ ಮನೆಯ ಸ್ಥಿತಿಯಲ್ಲಿದೆ ಅಥವಾ ತೋರಿಸುವ ರೀತಿಯಲ್ಲಿದೆ. ಎರಡು ಮೂರು ಸಲ ಬಂದು, ಹಿರಿಯರನ್ನೂ ಕರೆತಂದು, ಚೌಕಾಸಿಯಲ್ಲಿ ಮಾತು ಮುರಿಯುತ್ತಿದ್ದರೆ ಬೆಲೆಯ ಲೆಕ್ಕ ತಪ್ಪಿದೆ. ಬೆಲೆಯೂ ಒಪ್ಪಿಗೆಯಾಗಿ, ನಕಲು ಪ್ರತಿಗಳನ್ನು ಒಯ್ದವರು ಆಮೇಲೆ ಫೋನ್ ಎತ್ತದಿದ್ದರೆ ತೊಂದರೆ ಕಾಗದಪತ್ರದಲ್ಲಿದೆ. ಈ ಕೊನೆಯದೇ ಎಲ್ಲಕ್ಕಿಂತ ನೋವಿನದು. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ, ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಹಿಂದೆ ಸರಿದವರಿಗೆ ಒಮ್ಮೆ ಫೋನ್ ಮಾಡಿ ಕೇಳಿ. “ನೀವು ಕೊಳ್ಳಲೇಬೇಕೆಂದು ಕೇಳುತ್ತಿಲ್ಲ, ಯಾವುದು ಸರಿ ಬರಲಿಲ್ಲ ಎಂದು ತಿಳಿದರೆ ನಮಗೆ ಅನುಕೂಲ” ಎಂದರೆ ಹೆಚ್ಚಿನವರು ನಿಜ ಹೇಳುತ್ತಾರೆ. ದಲ್ಲಾಳಿಯ ಬಾಯಿಂದ ಕೇಳುವುದಕ್ಕಿಂತ ಇದು ಮೇಲು.

ಕಾಗದಪತ್ರ: ಗಿರಾಕಿ ಸಿಗುವ ಮೊದಲೇ ಸಿದ್ಧವಿರಬೇಕು

ನನ್ನ ಅನುಭವದಲ್ಲಿ ಈ ಊರಿನಲ್ಲಿ ಒಪ್ಪಿಗೆಯಾದ ವ್ಯಾಪಾರಗಳು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ಈ ಭಾಗವನ್ನು ನಿಧಾನವಾಗಿ ಓದಿ.

ನಗರ ಪ್ರದೇಶದ ಆಸ್ತಿ ನೋಂದಣಿಗೆ 2024ರ ಅಕ್ಟೋಬರ್‌ನಿಂದ ಇ-ಖಾತೆ (ಆಸ್ತಿ ಯಾರ ಹೆಸರಿನಲ್ಲಿದೆ ಎಂಬುದರ ಗಣಕೀಕೃತ ದಾಖಲೆ) ಕಡ್ಡಾಯವಾಗಿದೆ. ಮನೆ ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ ಪಾಲಿಕೆಯಿಂದ ಇ-ಖಾತೆ ಪಡೆಯಬೇಕು. ಊರ ಹೊರಗೆ, ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿಯು ಇ-ಸ್ವತ್ತು ತಂತ್ರಾಂಶದಿಂದ ಕೊಡುವ ಖಾತೆ ಬೇಕು. “ಹಳೆಯ ಕೈಬರಹದ ಖಾತೆ ಇದೆ, ಕಂದಾಯ ಕಟ್ಟಿದ ರಸೀದಿ ಇದೆ, ಸಾಕು” ಎಂದು ನಂಬಿ ಕುಳಿತವರು ಗಿರಾಕಿ ಮುಂಗಡ ಕೊಡಲು ಬಂದ ದಿನ ಪಾಲಿಕೆಗೆ ಓಡುತ್ತಾರೆ. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಗಿರಾಕಿ ಬೇರೆ ಮನೆ ನೋಡಿಕೊಂಡಿರುತ್ತಾನೆ. ಕ್ರಯಪತ್ರ, ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ, ಅಂದರೆ ಇ.ಸಿ.), ಈ ಸಾಲಿನ ಕಂದಾಯ ರಸೀದಿ, ಆಧಾರ್, ಮಾಲೀಕರ ಮತ್ತು ಮನೆಯ ಫೋಟೊ ಇಟ್ಟುಕೊಂಡು ಇಂದೇ ಅರ್ಜಿ ಹಾಕಿ. ಮನೆ ಮಾರದಿದ್ದರೂ ಇ-ಖಾತೆ ನಿಮಗೆ ಬೇಕಾದದ್ದೇ.

ಖಾತೆ ಕೈಗೆ ಬಂದ ಮೇಲೆ ಕ್ರಯಪತ್ರದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ಹೆಸರಿನ ಕಾಗುಣಿತ, ತಂದೆಯ ಹೆಸರು, ನಿವೇಶನದ ಸಂಖ್ಯೆ, ಡೋರ್ ನಂಬರ್, ಉದ್ದಗಲ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಎಲ್ಲ ಒಂದೇ ಇರಬೇಕು. ಪತ್ರದಲ್ಲಿ 30×50 ಇದ್ದು ಖಾತೆಯಲ್ಲಿ 30×45 ಬಂದಿರಬಹುದು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದಿರಬೇಕಾದ ಕಡೆ ಪಶ್ಚಿಮಕ್ಕೆ ಎಂದಿರಬಹುದು. ತಪ್ಪು ಖಾತೆಯಲ್ಲಿದ್ದರೆ ಪಾಲಿಕೆಯಲ್ಲಿ ಸರಿಪಡಿಸಬಹುದು. ಕ್ರಯಪತ್ರದಲ್ಲೇ ಇದ್ದರೆ ತಿದ್ದುಪಡಿ ಪತ್ರ ನೋಂದಣಿ ಮಾಡಿಸಬೇಕು. ಅದಕ್ಕೆ ನಿಮಗೆ ಮಾರಿದವರೇ ಬಂದು ಸಹಿ ಹಾಕಬೇಕು. ಇಪ್ಪತ್ತು ವರ್ಷದ ಹಿಂದೆ ಮಾರಿದವರು ಇಂದು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಅವರ ಮಕ್ಕಳು ಒಪ್ಪುತ್ತಾರೋ ಎಂಬ ಹುಡುಕಾಟಕ್ಕೆ ತಿಂಗಳುಗಳೇ ಬೇಕಾಗಬಹುದು. ಗಿರಾಕಿ ಅಷ್ಟು ಕಾಯುವುದಿಲ್ಲ.

ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರವನ್ನು ನೀವೇ ತೆಗೆಸಿ ನೋಡಿ. ಎಂದೋ ತೀರಿಸಿದ ಬ್ಯಾಂಕ್ ಸಾಲದ ಅಡಮಾನ ಅದರಲ್ಲಿ ಇನ್ನೂ ಕಾಣುತ್ತಿದ್ದರೆ, ಬ್ಯಾಂಕಿನಿಂದ ಅಡಮಾನ ಬಿಡುಗಡೆ ಪತ್ರ ಮಾಡಿಸಿ ನೋಂದಾಯಿಸಬೇಕು. ಸಾಲ ಪೂರ್ತಿ ತೀರಿದ ಮೂವತ್ತು ದಿನಗಳೊಳಗೆ ಮೂಲ ದಾಖಲೆ ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನವರು ಸುಮ್ಮನೆ ಓಡಾಡಿಸಿದರೆ ಈ ನಿಯಮ ನೆನಪಿಸಿ. ಸಾಲ ಇನ್ನೂ ಇದ್ದರೂ ಮನೆ ಮಾರಬಹುದು. ಬಾಕಿ ಎಷ್ಟಿದೆ, ಯಾವ ಯಾವ ಮೂಲ ದಾಖಲೆಗಳು ಬ್ಯಾಂಕಿನಲ್ಲಿವೆ ಎಂದು ಬರಹದಲ್ಲಿ ಪಡೆದುಕೊಳ್ಳಿ. ಗಿರಾಕಿಯ ಬ್ಯಾಂಕು ಆ ಬಾಕಿಯನ್ನು ನೇರವಾಗಿ ತೀರಿಸಿ ದಾಖಲೆ ಬಿಡಿಸಿಕೊಳ್ಳುವುದು ರೂಢಿಯಲ್ಲಿರುವ ಕ್ರಮವೇ. ಸಾಲವಿದೆ ಎಂಬುದನ್ನು ಮುಚ್ಚಿಡುವುದರಿಂದ ನಂಬಿಕೆ ಹೋಗುತ್ತದೆ, ಅಷ್ಟೇ.

ಇನ್ನು ಮನೆಯವರ ಸಹಿಯ ಮಾತು. ತಂದೆ ಸ್ವಂತ ದುಡಿಮೆಯಿಂದ ಕೊಂಡ ಮನೆ, ಉಯಿಲು ಬರೆಯದೆ ತೀರಿಕೊಂಡರು ಎಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಅದರಲ್ಲಿ ಹಕ್ಕಿದೆ. ಅಜ್ಜಿ, ಅಂದರೆ ತಂದೆಯ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ. ತಂದೆಗಿಂತ ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಹೆಂಡತಿ ಮಕ್ಕಳಿಗೂ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಸಮಾನ ಹಕ್ಕನ್ನು 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. “ಅಕ್ಕ ತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅವರೇನೂ ಕೇಳುವುದಿಲ್ಲ” ಎಂಬ ಮಾತನ್ನು ಕೊಳ್ಳುವವರ ವಕೀಲರು ಒಪ್ಪುವುದಿಲ್ಲ, ಬ್ಯಾಂಕಿನ ವಕೀಲರಂತೂ ಒಪ್ಪುವುದೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ ಖಾತೆಯನ್ನು ವಾರಸುದಾರರ ಹೆಸರಿಗೆ ತನ್ನಿ. ಅಕ್ಕ ತಂಗಿಯರು ಕ್ರಯಪತ್ರಕ್ಕೆ ತಾವೇ ಸಹಿ ಹಾಕಲಿ, ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ. ಅವರ ಪಾಲನ್ನು ಅವರಿಗೆ ಕೊಡುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಬಿಟ್ಟುಕೊಡುವುದು ಅವರ ಇಚ್ಛೆಯಾದರೆ ಅದನ್ನು ಗಿರಾಕಿ ಬರುವ ಮೊದಲೇ, ಅವಸರವಿಲ್ಲದೆ ಕುಳಿತು ಮಾತಾಡಿ ಮುಗಿಸಬೇಕು. ಮುಂಗಡ ಕೈಗೆ ಬಂದ ಮೇಲೆ ಸಹಿ ಕೇಳಲು ಹೋದರೆ ಮನಸ್ಸುಗಳು ಕೆಡುತ್ತವೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಅಪ್ರಾಪ್ತ ವಯಸ್ಸಿನವರ ಪಾಲಿದ್ದರೆ ನ್ಯಾಯಾಲಯದ ಅನುಮತಿಯೂ ಬೇಕಾಗಬಹುದು. ಇವೆರಡರಲ್ಲೂ ವಕೀಲರನ್ನು ಕೇಳದೆ ಮುಂದೆ ಹೆಜ್ಜೆ ಇಡಬೇಡಿ.

ದೂಡಾದಿಂದ, ಅಂದರೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಿಂದ ಹಂಚಿಕೆಯಾದ ನಿವೇಶನ ಅಥವಾ ಗೃಹ ಮಂಡಳಿಯ ಮನೆಯಾದರೆ, ಹಂಚಿಕೆ ಪತ್ರ ಮತ್ತು ಸ್ವಾಧೀನ ಪತ್ರ ಮಾತ್ರ ಇದ್ದರೆ ಸಾಲದು, ಶುದ್ಧ ಕ್ರಯಪತ್ರ ಆಗಿರಬೇಕು. ಖಾಸಗಿ ಬಡಾವಣೆಯಾದರೆ ಭೂ ಪರಿವರ್ತನೆಯ ಆದೇಶ ಮತ್ತು ಅನುಮೋದಿತ ನಕ್ಷೆಯ ಪ್ರತಿ ಇಟ್ಟುಕೊಳ್ಳಿ. “ಅಲಿನೇಷನ್ ಆಗಿದೆಯೇ?”, ಅಂದರೆ ಕೃಷಿ ಭೂಮಿ ವಾಸಕ್ಕೆ ಪರಿವರ್ತನೆಯಾಗಿದೆಯೇ ಎಂದು ಈ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಬರೀ ಅಧಿಕಾರ ಪತ್ರದ (ಜಿ.ಪಿ.ಎ.) ಮೇಲೆ ಕೊಂಡ ಮನೆಯಾಗಿದ್ದರೆ, ಅಂಥ ಪತ್ರದಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅದನ್ನು ಸರಿಪಡಿಸದೆ ಗಿರಾಕಿ ಹುಡುಕುವುದು ವ್ಯರ್ಥ. ಬಿ ಖಾತೆಯ, ಅಂದರೆ ಅನುಮೋದನೆಯಲ್ಲಿ ಕೊರತೆಯಿರುವ ಆಸ್ತಿಗೆ ಕೊಡುವ ಖಾತೆಯ ಮನೆಯನ್ನು ಕೊಳ್ಳುವವರೂ ಇದ್ದಾರೆ. ಆದರೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಸಾಲ ಕೊಡುವುದಿಲ್ಲವಾದ್ದರಿಂದ ಕೈಯಲ್ಲಿ ಹಣವಿರುವವರನ್ನೇ ಹುಡುಕಬೇಕು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಹೇಳಬೇಕು.

ಎಲ್ಲ ಸಿದ್ಧವಾದ ಮೇಲೆ ಅನುಭವಿ ವಕೀಲರಿಂದ ಒಂದು ಅಭಿಪ್ರಾಯ ಪತ್ರ ಬರೆಸಿ, ನಕಲುಗಳ ಒಂದು ಕಡತ ಮಾಡಿಡಿ. ಮನೆ ನೋಡಲು ಬಂದವರು ಎರಡನೇ ಸಲ ಬಂದಾಗ ಆ ಕಡತವನ್ನು ಮುಂದಿಡಿ. ವರ್ಷಗಟ್ಟಲೆ ನಿಂತ ಮನೆಯ ಬಗ್ಗೆ ಊರಿನಲ್ಲಿ “ಏನೋ ತಕರಾರು ಇರಬೇಕು” ಎಂಬ ಮಾತು ಹುಟ್ಟಿರುತ್ತದೆ. ಬಾಯಿಮಾತಿನ ಸಮಾಧಾನಕ್ಕಿಂತ ಈ ಕಡತ ಅದಕ್ಕೆ ಗಟ್ಟಿ ಉತ್ತರ.

ಬೆಲೆ: ಕೊಳ್ಳುವವನ ಕಡೆಯಿಂದ ಲೆಕ್ಕ ಹಾಕಿ

“ಪಕ್ಕದ ಬೀದಿಯ ಮನೆಗೆ ಇಷ್ಟು ಕೊಟ್ಟರಂತೆ” ಎಂಬ ‘ಅಂತೆ’ಯ ಮೇಲೆ ಬೆಲೆ ಕಟ್ಟಬೇಡಿ. ಎಂ.ಸಿ.ಸಿ. ‘ಬಿ’ ಬ್ಲಾಕ್‌ನ ದರವನ್ನು ನಿಟ್ಟುವಳ್ಳಿಯ ಮನೆಗೆ, ವಿದ್ಯಾನಗರದ ಮುಖ್ಯರಸ್ತೆಯ ದರವನ್ನು ಅದೇ ಬಡಾವಣೆಯ ಒಳಗಿನ ಅಡ್ಡರಸ್ತೆಗೆ ಹಾಕಿದರೆ ಲೆಕ್ಕ ಕೆಡುತ್ತದೆ. ನಿಮ್ಮದೇ ಬೀದಿಯಲ್ಲಿ, ಹೆಚ್ಚೆಂದರೆ ಎರಡು ಅಡ್ಡರಸ್ತೆಗಳ ಒಳಗೆ, ಕಳೆದ ಒಂದು ವರ್ಷದಲ್ಲಿ ನಿಜವಾಗಿ ಮಾರಾಟವಾದ ಮನೆಗಳನ್ನು ವಿಚಾರಿಸಿ. ಮಾರಿದವರನ್ನು, ಕೊಂಡವರನ್ನು ನೇರವಾಗಿ ಕೇಳಿ.

ಆಮೇಲೆ ನಿವೇಶನ ಬೇರೆ, ಕಟ್ಟಡ ಬೇರೆ ಮಾಡಿ ಲೆಕ್ಕ ಹಾಕಿ. ಲೆಕ್ಕದ ದಾರಿ ತೋರಿಸಲು ಮಾತ್ರ ಒಂದು ಉದಾಹರಣೆ ಕೊಡುತ್ತೇನೆ, ಈ ಅಂಕಿಗಳನ್ನು ನಿಮ್ಮ ಬೀದಿಯ ದರ ಎಂದುಕೊಳ್ಳಬೇಡಿ. 30×50 ಅಳತೆಯ ನಿವೇಶನ ಎಂದರೆ 1,500 ಚದರ ಅಡಿ. ಅಡಿಗೆ 3,000 ರೂಪಾಯಿ ಹಿಡಿದರೆ 45 ಲಕ್ಷ. ಮೇಲಿನ ಕಟ್ಟಡ 1,200 ಚದರ ಅಡಿ, ಇಂದು ಹೊಸದಾಗಿ ಕಟ್ಟಲು ಅಡಿಗೆ 2,000 ರೂಪಾಯಿ ಹಿಡಿದರೆ 24 ಲಕ್ಷ. ಆರ್‌ಸಿಸಿ ಕಟ್ಟಡದ ಆಯುಸ್ಸು ಅರವತ್ತು ವರ್ಷ ಎಂದು ಹಿಡಿದು, ಮನೆಗೆ ಇಪ್ಪತ್ತು ವರ್ಷ ಆಗಿದ್ದರೆ ಮೂರನೇ ಒಂದು ಭಾಗ ಕಳೆಯಬೇಕು. ಉಳಿಯುವುದು 16 ಲಕ್ಷ. ಒಟ್ಟು 61 ಲಕ್ಷ. ಮಾಲೀಕರು ಸಾಮಾನ್ಯವಾಗಿ ಆ ಮೂರನೇ ಒಂದು ಭಾಗ ಕಳೆಯುವುದೇ ಇಲ್ಲ. ಆ ಮನೆಯಲ್ಲಿ ಬಾಳಿದ ವರ್ಷಗಳು ನಮಗೆ ಬೆಲೆಯುಳ್ಳವು, ಕೊಳ್ಳುವವನಿಗೆ ಅವು ಸವಕಳಿ. ಕೇಳಲು ಕಷ್ಟವಾದರೂ ಇದು ನಿಜ.

ಈಗ ಇದೇ ಮನೆಯನ್ನು ಕೊಳ್ಳುವವನ ಜೇಬಿನಿಂದ ನೋಡಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 3.05 ಲಕ್ಷ. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಸುಮಾರು 37 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ, ಅದು 1.22 ಲಕ್ಷ. ಎಲ್ಲ ಸೇರಿ 4.64 ಲಕ್ಷದ ಹತ್ತಿರ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಆ ಬೆಲೆಗೆ ಮುದ್ರಾಂಕ ಮತ್ತು ನೋಂದಣಿ ಖರ್ಚನ್ನು ಸೇರಿಸುವಂತಿಲ್ಲ. ಹಾಗಾಗಿ ಹೆಚ್ಚೆಂದರೆ 48.8 ಲಕ್ಷ ಸಾಲ ಸಿಕ್ಕರೂ ಅವನು ಸುಮಾರು 16.8 ಲಕ್ಷವನ್ನು ಸ್ವಂತವಾಗಿ ತರಬೇಕು. ಬ್ಯಾಂಕಿನ ಮೌಲ್ಯಮಾಪಕರು ಮನೆಗೆ 55 ಲಕ್ಷ ಮಾತ್ರ ಬರೆದರೆ ಸಾಲ 44 ಲಕ್ಷಕ್ಕೆ ಇಳಿಯುತ್ತದೆ, ಕೈಯಿಂದ ತರಬೇಕಾದ ಮೊತ್ತ ಇನ್ನೂ ಏರುತ್ತದೆ. ಚೌಕಾಸಿಯಲ್ಲಿ ಗಿರಾಕಿ ಹಟ ಮಾಡುತ್ತಿದ್ದಾನೆ ಎಂದು ನಿಮಗೆ ಅನಿಸಿದಾಗ, ಅವನ ಕೈಯಲ್ಲಿ ನಿಜವಾಗಿಯೂ ಅಷ್ಟು ಹಣವಿಲ್ಲದೇ ಇರಬಹುದು. ಬೆಲೆ ಹೇಳುವ ಮೊದಲೇ ಒಂದು ಬ್ಯಾಂಕಿನ ಪಟ್ಟಿಯಲ್ಲಿರುವ ಮೌಲ್ಯಮಾಪಕರಿಂದ ಶುಲ್ಕ ಕೊಟ್ಟು ಅಂದಾಜು ಮಾಡಿಸಿಕೊಂಡರೆ ಈ ಅಂತರ ಮೊದಲೇ ತಿಳಿಯುತ್ತದೆ.

ಸರ್ಕಾರದ ಮಾರ್ಗಸೂಚಿ ದರವನ್ನೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯನ್ನೂ ನೋಡಿ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಅದನ್ನು ಪರಿಷ್ಕರಿಸಲಾಗಿದೆ. ನೀವು ಒಪ್ಪಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೂ ಶುಲ್ಕ ಮಾರ್ಗಸೂಚಿ ದರದ ಮೇಲೆಯೇ ಬೀಳುತ್ತದೆ. ಅಂತರ ಶೇ. 10ಕ್ಕಿಂತ ಹೆಚ್ಚಾದರೆ ನಿಮ್ಮ ಆದಾಯ ತೆರಿಗೆಯ ಲೆಕ್ಕವೂ ಆ ದರದ ಮೇಲೆಯೇ ನಡೆಯುತ್ತದೆ.

ಬೆಲೆ ಇಳಿಸಲೇಬೇಕಾದರೆ ಒಂದೇ ಸಲ, ಎದ್ದು ಕಾಣುವಷ್ಟು ಇಳಿಸಿ. ತಿಂಗಳಿಗೆ ಐವತ್ತು ಸಾವಿರದಂತೆ ಇಳಿಸುತ್ತಾ ಹೋದರೆ, ಇನ್ನೂ ಕಾದರೆ ಇನ್ನೂ ಇಳಿಯುತ್ತದೆ ಎಂದು ಜನ ಕಾಯುತ್ತಾರೆ. ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ಮರೆಯಬೇಡಿ. 61 ಲಕ್ಷವನ್ನು ಶೇ. 6ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 3.66 ಲಕ್ಷ ಬರುತ್ತದೆ. ಮೂರು ಲಕ್ಷಕ್ಕೆ ಹಟ ಹಿಡಿದು ಒಂದು ವರ್ಷ ಕೂತರೆ ಆ ಮೂರು ಲಕ್ಷ ಆಗಲೇ ಹೋಗಿರುತ್ತದೆ.

ಹಳೇಪೇಟೆ, ಮಂಡಿಪೇಟೆಯ ಕಡೆಯ ಉದ್ದನೆಯ, ಕಿರಿದಾದ ಮುಖದ ಹಳೆಯ ಮನೆಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಕಟ್ಟಡಕ್ಕೆ ಬೆಲೆ ಕಟ್ಟುವವರು ಕಡಿಮೆ. ವಾಸಕ್ಕೆ ಮನೆ ಹುಡುಕುವವರಿಗಿಂತ ಅಂಗಡಿ, ಗೋದಾಮು ಬೇಕಾದ ವ್ಯಾಪಾರಿಗಳು ಹೆಚ್ಚು ಕೊಡಬಲ್ಲರು. ಅಂಥ ಮನೆಗೆ ಬಣ್ಣ ಹೊಡೆಸುವ ಬದಲು ಲಾರಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಹೇಳಿ.

ರಿಪೇರಿ: ಯಾವುದಕ್ಕೆ ಖರ್ಚು, ಯಾವುದಕ್ಕೆ ಬೇಡ

ಮಾರಲೆಂದೇ ಹೊಸ ಅಡುಗೆಮನೆ, ಹೊಸ ಟೈಲ್ಸ್ ಹಾಕಿಸಬೇಡಿ. ಕೊಂಡವರು ತಮ್ಮ ಇಷ್ಟದಂತೆ ಮತ್ತೆ ಒಡೆಸುತ್ತಾರೆ. ಖರ್ಚು ಮಾಡಬೇಕಾದದ್ದು ತಾರಸಿಯ ಸೋರಿಕೆಗೆ, ಬಚ್ಚಲಿನ ಗೋಡೆಯ ತೇವಕ್ಕೆ, ತೊಟ್ಟಿಕ್ಕುವ ನಲ್ಲಿಗಳಿಗೆ, ಸುಟ್ಟ ಸ್ವಿಚ್‌ಗಳಿಗೆ, ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ. ಇವು ಸರಿಯಾದ ಮೇಲೆ ತಿಳಿ ಬಣ್ಣದ ಒಂದು ಸುಣ್ಣವಾದರೂ ಸಾಕು.

ಬಿರುಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ದಾವಣಗೆರೆಯ ಸುತ್ತ ಬಹಳ ಕಡೆ ಎರೆಮಣ್ಣಿದೆ. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಸಾಕಷ್ಟು ಆಳವಿಲ್ಲದ ಮನೆಗಳಲ್ಲಿ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಪುಟ್ಟಿ ಸಾಕು. ಆದರೆ ಓರೆ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ಬಾಯಿ ಬಿಡುತ್ತದೆ. ಬಣ್ಣದ ಅಡಿಯಲ್ಲಿದ್ದರೂ ಕೊಳ್ಳುವವರು ಕರೆತಂದ ಮೇಸ್ತ್ರಿ ಅದನ್ನು ಗುರುತಿಸುತ್ತಾನೆ. ಒಬ್ಬ ಸಿವಿಲ್ ಎಂಜಿನಿಯರರಿಗೆ ತೋರಿಸಿ, ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ, ಏನು ದುರಸ್ತಿ ಬೇಕು ಎಂದು ಬರಹದಲ್ಲಿ ಪಡೆಯಿರಿ. ದುರಸ್ತಿ ಮಾಡಿಸಿ ರಸೀದಿ ಇಡಿ, ಇಲ್ಲವೇ ಆ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಡಿ.

ನೀರಿನ ಪ್ರಶ್ನೆಯಂತೂ ಬಂದೇ ಬರುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ತೊಟ್ಟಿ ಎಷ್ಟು ಲೀಟರಿನದು, ಬೋರ್‌ವೆಲ್ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ ಎಂಬುದಕ್ಕೆ ನೇರ ಉತ್ತರ ಇಟ್ಟುಕೊಳ್ಳಿ. ತೊಟ್ಟಿಯನ್ನು ತೊಳೆಸಿ, ಮುಚ್ಚಳ ತೆಗೆದು ತೋರಿಸಿ. ಗಡಸು ನೀರಿನಿಂದ ನಲ್ಲಿ, ಟೈಲ್ಸ್ ಮೇಲೆ ಕಟ್ಟಿದ ಬಿಳಿ ಕಲೆ ತೆಗೆಸಿದರೆ ಬಚ್ಚಲು ಅರ್ಧ ಹೊಸದಾಗಿ ಕಾಣುತ್ತದೆ.

ವಾಸ್ತುವಿನ ಬಗ್ಗೆ ನನ್ನ ಮಾತು ಚಿಕ್ಕದು. ದಕ್ಷಿಣಕ್ಕೆ ಬಾಗಿಲಿದೆ, ಎದುರಿನ ರಸ್ತೆ ನೇರ ಮನೆಗೆ ಕುತ್ತುತ್ತದೆ ಎಂದು ಕೆಲವರು ಬಿಟ್ಟು ಹೋಗುವುದು ನಿಜ. ಅದಕ್ಕಾಗಿ ಗೋಡೆ ಒಡೆಸಬೇಡಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪು ಎನ್ನುತ್ತಾರೆ, ಒಡೆದ ಗೋಡೆ ಮಾತ್ರ ಒಡೆದೇ ಇರುತ್ತದೆ. ಫೋನಿನಲ್ಲೇ ದಿಕ್ಕನ್ನು ಹೇಳಿಬಿಟ್ಟರೆ, ಅದು ಬೇಡವೆನ್ನುವವರು ಬರುವುದೇ ಇಲ್ಲ, ಎರಡೂ ಕಡೆಯವರ ದಿನ ಉಳಿಯುತ್ತದೆ.

ಯಾರು ಕೊಳ್ಳುತ್ತಾರೆ, ಯಾವಾಗ ಕೊಳ್ಳುತ್ತಾರೆ

ದಾವಣಗೆರೆ ಓದಿನ ಊರು. ಚನ್ನಗಿರಿ, ಹೊನ್ನಾಳಿ, ಜಗಳೂರು, ಹರಪನಹಳ್ಳಿ ಕಡೆಯ ರೈತ ಕುಟುಂಬಗಳು ಮಕ್ಕಳ ಶಾಲೆ ಕಾಲೇಜಿಗಾಗಿ ಇಲ್ಲಿ ಮನೆ ಮಾಡುತ್ತವೆ. ಇವರ ಕೈಯಲ್ಲಿ ಹಣ ಓಡಾಡುವುದು ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ, ಭದ್ರಾ ನಾಲೆಯ ಭತ್ತ ಮಾರಿದ ಮೇಲೆ, ಮೆಕ್ಕೆಜೋಳದ ಹಣ ಬಂದಾಗ. ಶಾಲೆ ಶುರುವಾಗುವ ಮೊದಲು ಬಂದು ಸೇರಬೇಕೆಂಬ ಆತುರವೂ ಇವರಿಗಿರುತ್ತದೆ. ಹಾಗಾಗಿ ಸಂಕ್ರಾಂತಿ ಕಳೆದ ಮೇಲಿನಿಂದ ಯುಗಾದಿ, ಅಕ್ಷಯ ತೃತೀಯದವರೆಗಿನ ತಿಂಗಳುಗಳು ನಿಮಗೆ ಒಳ್ಳೆಯ ಕಾಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಗಿರಾಕಿ ಬರಲಿಲ್ಲವೆಂದು ಗಾಬರಿಯಾಗಿ ಬೆಲೆ ಇಳಿಸಬೇಡಿ. ಆ ದಿನಗಳನ್ನು ಖಾತೆ, ರಿಪೇರಿಗಳಿಗೆ ಬಳಸಿ.

ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳ ಸಿಬ್ಬಂದಿ, ಬ್ಯಾಂಕ್ ಮತ್ತು ಸರ್ಕಾರಿ ನೌಕರರು, ನಿವೃತ್ತರಾಗಿ ಊರಿಗೆ ಮರಳುವವರು ಇನ್ನೊಂದು ಗುಂಪು. ಇವರು ಸಾಲದ ಮೇಲೆ ಕೊಳ್ಳುವವರಾದ್ದರಿಂದ ಕಟ್ಟಡ ಪರವಾನಗಿ ಮತ್ತು ನಕ್ಷೆಯನ್ನು ಮೊದಲು ಕೇಳುತ್ತಾರೆ.

ಸುದ್ದಿ ಹರಡಲು ಗೇಟಿನ ಫಲಕ, ‘ಜನತಾವಾಣಿ’ಯಂಥ ಸ್ಥಳೀಯ ದಿನಪತ್ರಿಕೆಯ ಚಿಕ್ಕ ಜಾಹೀರಾತು, ಮೊಬೈಲಿನಲ್ಲಿ ಬೆಳಗಿನ ಬೆಳಕಿನಲ್ಲಿ ತೆಗೆದ ಹತ್ತು ಒಳ್ಳೆಯ ಫೋಟೊ ಸಾಕು. ಜಾಹೀರಾತಿನಲ್ಲಿ ಬಡಾವಣೆ, ಅಳತೆ, ದಿಕ್ಕು, ಕೋಣೆಗಳು, ಇ-ಖಾತೆ ಇದೆ ಎಂಬ ಮಾತು ಮತ್ತು ಬೆಲೆ ಇರಲಿ. ಬೆಲೆ ಬರೆಯದ ಜಾಹೀರಾತಿಗೆ ಕೊಳ್ಳದವರ ಫೋನೇ ಹೆಚ್ಚು.

ಊರಿನ ದಲ್ಲಾಳಿಗಳಿಗೆಲ್ಲ ಹೇಳಿಬಿಟ್ಟರೆ ಬೇಗ ಮಾರಾಟವಾಗುತ್ತದೆ ಎಂಬುದು ತಪ್ಪು ಎಣಿಕೆ. ಒಬ್ಬೊಬ್ಬರೂ ಒಂದೊಂದು ಬೆಲೆ ಹೇಳುತ್ತಾರೆ, ಒಂದೇ ಗಿರಾಕಿಗೆ ಒಂದೇ ಮನೆ ಮೂರು ಬೆಲೆಯಲ್ಲಿ ಕೇಳಿಬರುತ್ತದೆ, ಅಲ್ಲಿಗೆ ಮನೆಯ ಮಾನ ಹೋಯಿತು. ಆ ಭಾಗ ಚೆನ್ನಾಗಿ ಬಲ್ಲ ಒಬ್ಬರು, ಹೆಚ್ಚೆಂದರೆ ಇಬ್ಬರಿಗೆ ಕೊಡಿ. ಬೆಲೆ ಎಷ್ಟು, ಕಮಿಷನ್ ಎಷ್ಟು, ಅದು ನೋಂದಣಿಯ ದಿನವೇ ಎಂಬುದನ್ನು ಮೊದಲೇ ಮಾತಾಡಿ. “ನಿಮಗೆ ಇಷ್ಟು ಕೊಡುತ್ತೇನೆ, ಮೇಲೆ ಬಂದದ್ದು ನನ್ನದು” ಎನ್ನುವವರಿಗೆ ಒಪ್ಪಬೇಡಿ. ನಿಮ್ಮ ಮನೆ ನಿಲ್ಲಲು ಅದೇ ಕಾರಣವಾಗಬಹುದು.

ಮಾರಾಟ ತಡವಾಯಿತೆಂದು ಮನೆಯನ್ನು ಭೋಗ್ಯಕ್ಕೆ ಹಾಕುವವರಿದ್ದಾರೆ. ಆ ಲಕ್ಷಗಳನ್ನು ಖರ್ಚು ಮಾಡಿಬಿಟ್ಟರೆ ಗಿರಾಕಿ ಬಂದಾಗ ಹಿಂದಿರುಗಿಸಲು ಹಣವಿರುವುದಿಲ್ಲ, ಮನೆ ತೆರವಾಗುವುದಿಲ್ಲ. ತಿಂಗಳ ಬಾಡಿಗೆಗೆ ಕೊಡುವುದಾದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಮಾರಾಟದ ವಿಷಯ ಬರೆಸಿ, ಮನೆ ತೋರಿಸುವ ದಿನ ಹೊತ್ತು ಗೊತ್ತುಮಾಡಿಕೊಳ್ಳಿ. ಈಗಾಗಲೇ ಬಾಡಿಗೆದಾರರಿದ್ದರೆ “ನೀವೇ ಕೊಳ್ಳುತ್ತೀರಾ?” ಎಂದು ಅವರನ್ನೇ ಮೊದಲು ಕೇಳಿ.

ತೋರಿಸುವ ದಿನ

ಇಲ್ಲಿ ಮನೆಯನ್ನು ಒಬ್ಬರೇ ನೋಡಿ ನಿರ್ಧರಿಸುವುದಿಲ್ಲ. ಮೊದಲು ಯಜಮಾನರು, ಆಮೇಲೆ ಮನೆಯಾಕೆ, ಆಮೇಲೆ ಹಿರಿಯರು, ಕೊನೆಗೆ ವಾಸ್ತು ಬಲ್ಲವರು ಅಥವಾ ಮೇಸ್ತ್ರಿ. ಪ್ರತಿ ಸಲವೂ ಅದೇ ಬೆಲೆ, ಅದೇ ಮಾತು ಇರಲಿ. ಬಂದವರ ಬೆನ್ನು ಹತ್ತಿ ಕೋಣೆಯಿಂದ ಕೋಣೆಗೆ ವಿವರಿಸುತ್ತಾ ಹೋಗಬೇಡಿ. ಅಡುಗೆಮನೆಯಲ್ಲಿ ಹೆಣ್ಣುಮಕ್ಕಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲು ಬಿಡಿ. ಬೀಗ ಹಾಕಿದ ಮನೆಯಾದರೆ ಹಿಂದಿನ ದಿನವೇ ಕಿಟಕಿ ತೆಗೆದು, ಕಸ ಗುಡಿಸಿ, ದೀಪಗಳು ಉರಿಯುವಂತೆ ಮಾಡಿ. ಮಾಲೀಕರು ಬೆಂಗಳೂರಿನಲ್ಲಿದ್ದರೆ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿಡುವುದು ಒಳ್ಳೆಯದು. ಕೊಳ್ಳುವವರು ಅಕ್ಕಪಕ್ಕದವರನ್ನು ವಿಚಾರಿಸದೆ ಮುಂದುವರಿಯುವುದಿಲ್ಲ. ಮಾರುವ ಕಾರಣವನ್ನು ನೆರೆಯವರಿಗೆ ನೀವೇ ಹೇಳಿಟ್ಟರೆ ಅವರು ಊಹಿಸಿ ಹೇಳುವ ಪ್ರಮೇಯ ಬರುವುದಿಲ್ಲ.

ಮಾತು ಕೂಡಿದ ಮೇಲೆ

ಮುಂಗಡ ಪಡೆದು ಕರಾರು ಪತ್ರ ಬರೆಯುವಾಗ ಒಟ್ಟು ಬೆಲೆ, ಮುಂಗಡ, ನೋಂದಣಿಗೆ ಗಡುವು, ಸಾಲ ಮಂಜೂರಾಗದಿದ್ದರೆ ಏನು, ಯಾರಾದರೂ ಹಿಂದೆ ಸರಿದರೆ ಏನು ಎಂಬುದೆಲ್ಲ ಇರಲಿ. ಬ್ಯಾಂಕ್ ಸಾಲದ ಗಿರಾಕಿಗೆ ಎರಡು ಮೂರು ತಿಂಗಳ ಗಡುವು ಬೇಕಾಗುತ್ತದೆ. ಮೂಲ ದಾಖಲೆಗಳನ್ನಾಗಲಿ ಮನೆಯ ಕೀಲಿಯನ್ನಾಗಲಿ ನೋಂದಣಿಗೆ ಮೊದಲು ಕೊಡಬೇಡಿ.

ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ. 1ರಷ್ಟನ್ನು ಮುರಿದುಕೊಂಡು ನಿಮ್ಮ ಪ್ಯಾನ್ ಸಂಖ್ಯೆಗೆ ತೆರಿಗೆಯಾಗಿ ಕಟ್ಟಬೇಕು. ಕಟ್ಟಿದ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ಶೇ. 12.5 ತೆರಿಗೆ ಇದೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದು ಶೇ. 20ರಂತೆ ಬರುವ ತೆರಿಗೆಯೊಂದಿಗೆ ಹೋಲಿಸಿ ಕಡಿಮೆಯಾದದ್ದನ್ನು ಕಟ್ಟಬಹುದು. ಆ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ಸಿಗುತ್ತದೆ. ಮನೆ ಬೇಡವೆಂದರೆ ಆರು ತಿಂಗಳೊಳಗೆ ನಿಗದಿತ ಬಾಂಡ್‌ಗಳಲ್ಲಿ 50 ಲಕ್ಷದವರೆಗೆ ತೊಡಗಿಸಬಹುದು. ಈ ಗಡುವುಗಳು ನೋಂದಣಿಯ ದಿನದಿಂದ ಓಡುವುದರಿಂದ ಲೆಕ್ಕಪರಿಶೋಧಕರನ್ನು ಕರಾರಿನ ಹಂತದಲ್ಲೇ ಕಾಣಿ.

ನೋಂದಣಿಯ ದಿನ ಬಾಕಿ ಹಣ ಖಾತೆಗೆ ಬಂದಿದೆಯೆಂದು ನೋಡಿಕೊಂಡು, ಇಲ್ಲವೇ ಬ್ಯಾಂಕಿನ ಡಿ.ಡಿ. ಕೈಗೆ ಪಡೆದು ಸಹಿ ಹಾಕಿ. ಕಂದಾಯ, ನೀರಿನ ಬಿಲ್, ಬೆಸ್ಕಾಂ ಬಿಲ್ ಅಂದಿನವರೆಗೆ ಕಟ್ಟಿದ ರಸೀದಿಗಳನ್ನು ಕೊಂಡವರಿಗೆ ಒಪ್ಪಿಸಿ, ಕ್ರಯಪತ್ರದ ಒಂದು ನಕಲನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ವಿದ್ಯುತ್ ಮೀಟರು, ನೀರಿನ ಸಂಪರ್ಕ ಮತ್ತು ಖಾತೆ ಅವರ ಹೆಸರಿಗೆ ಬದಲಾದವೇ ಎಂದು ಒಂದೆರಡು ತಿಂಗಳ ಮೇಲೆ ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಬಾಕಿಯ ನೋಟಿಸು ನಿಮ್ಮ ಹೆಸರಿಗೇ ಬರುತ್ತದೆ.